ಹತ್ತಿ ಅಂಗಳದ ಬಾಯಿಪಾಳಿ

"ನಮ್ಮ ಮಂದಿ ಬಿ.ಎ. ಪಾಸಾಗೋದು ಆಗಲಾರದ ಮಾತು" ಅಂದವನು ದೇವದುರ್ಗದ ಹಣಮಂತಮಾವ, ನನ್ನ ಅವ್ವನ ಸ್ವಂತ ತಮ್ಮ. ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ, ಬಹಳ ವಿಚಾರ ಮಾಡಿ ಹೇಳಿದ್ದ. ಎತ್ತಿನ ಗಾಡಿ ಹೊಡೆಯುವವರಿಗೆ ವಿಚಾರ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ದೇವದುರ್ಗದಿಂದ ರಾಯಚೂರಿಗೆ ಹತ್ತಿ ಹೇರಿಕೊಂಡು ಬರುವ ದಾರಿಯುದ್ದಕ್ಕೂ ನನ್ನ ಓದಿನ ಬಗ್ಗೆ ಯೋಚಿಸಿ, ಗಾಡಿ ಬಿಟ್ಟು, ಎತ್ತಿಗೆ ನೀರು ತೋರಿಸಿ, ನಮ್ಮ ಮನೆಯ ಕಟ್ಟೆಗೆ ಬಂದು ಕುಂತು ತೀರ್ಪು ಕೊಟ್ಟ.

"ಯಕ್ಕಾ, ನಮ್ಮ ವಂಶದಾಗ ನಿಂತ್ರ ಕೆಲಸ, ಕುಂತ್ರ ನಿದ್ದಿ. ನಮ್ಮಪ್ಪ ಭಜನಿಗೆ ಕುಂತ, ನಿದ್ದಿ. ನಮ್ಮಣ್ಣ ತನ್ನ ಲಗ್ನದಾಗ ಮಣಿ ಮ್ಯಾಲ ಕುಂತ, ಅಲ್ಲೂ ನಿದ್ದಿ. ನಾ ಗಾಡಿ ಮ್ಯಾಲ ಕುಂದ್ರತೀನಿ, ಎತ್ತಿಗೆ ದಾರಿ ಗೊತ್ತದ ಅಂತ ಬದುಕೀನಿ. ಬಿ.ಎ. ಅಂದ್ರ ಕುಂತು ಮಾಡೋ ಕೆಲಸ. ಹೆಂಗ ಆಗ್ತದ, ನೀನ ಹೇಳು."

ಇದಕ್ಕೆ ಉತ್ತರ ಕೊಡಬೇಕಾಗಿದ್ದ ನಾನು ಆ ಹೊತ್ತಿನಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದೆನಂತೆ.

ಮಾವನ ಈ ಮಾತು ಇಷ್ಟು ವರ್ಷದ ಮೇಲೆ ನೆನಪಾಗಲು ಕಾರಣ ಮೊನ್ನೆಯ ಒಂದು ಕಪ್ ಚಹಾ. ಊಟದ ನಂತರದ ಹೊತ್ತು. ಒಂದು ಶಾಲೆಯವರು ನನ್ನಿಂದ ಏನೋ ಬರೆಸಿಕೊಳ್ಳಬೇಕೆಂದು ಕೇಳಿದ್ದರು. ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ಒಂದಕ್ಷರ ಮುಂದೆ ಹೋಗಿರಲಿಲ್ಲ. ರಾಯಚೂರಿನ ಬಿಸಿಲಿಗೆ ಮನುಷ್ಯನನ್ನು ಕೂತಲ್ಲೇ ಬೇಯಿಸುವ ವಿದ್ಯೆ ಗೊತ್ತು. ಆಗ ಓಣಿಯಲ್ಲಿ ಹತ್ತಿ ತುಂಬಿದ ಗಾಡಿಯೊಂದು ಹಾದುಹೋಯಿತು. ಒಂದು ಎಳೆ ಹಾರಿ ಬಂದು ಚಹಾದ ಮೇಲೆ ತೇಲಿತು. ತೆಗೆದು ಬಿಸಾಕಬೇಕು ತಾನೆ? ನನ್ನ ಬೆರಳು ಬಿಸಾಕಲಿಲ್ಲ. ಅದನ್ನು ಹಿಂಜಿ, ಒಳಗೆ ಎಲೆಯ ಚೂರು ಇದೆಯೇನೋ ಅಂತ ಹುಡುಕತೊಡಗಿತು. ಬೆರಳು ಚಾಲೂ ಆದ ಕೂಡಲೆ ಬಾಯಿಯೂ ತನ್ನಷ್ಟಕ್ಕೆ ಚಾಲೂ ಆಯಿತು: "ಅದಾದ ಮ್ಯಾಲ ಆ ಸುಲ್ತಾನ ಏನ್ ಮಾಡಿದ ಅಂದ್ರ..." ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಪುಣ್ಯ.

ಆ ಸುಲ್ತಾನನ ಕತೆಯನ್ನು ನಿಮಗೂ ಹೇಳಬೇಕಾದರೆ ಮೊದಲು ಜ್ವರದ ಕತೆ ಹೇಳಬೇಕು.

ಅದು ದೊಡ್ಡ ಯುದ್ಧದ ಕಾಲ. ನಮ್ಮ ಕಡೆ ನಿಜಾಮಶಾಹಿ, ಓದು ಎಂದರೆ ಉರ್ದು. ನಮ್ಮ ಕೇರಿಯಲ್ಲಿ ಶಾಲೆಯ ಕಟ್ಟೆ ಹತ್ತಿದವರೇ ಕಡಿಮೆ. ಹತ್ತಿದ ಒಬ್ಬಿಬ್ಬರೂ ಮಳೆಗಾಲ ಬಂದಾಗ ಹೊಲಕ್ಕೆ ಇಳಿದವರು ಮರಳಿ ಹತ್ತಿರಲಿಲ್ಲ. ನಾನು ಅದು ಹೇಗೋ ಹತ್ತಿ, ಹತ್ತಿ, ಸರ್ಕಾರ ಓದಿಗೆ ಕೊಡುವ ವಜೀಫೆಯ ಮೇಲೆ ಹೈದರಾಬಾದಿನ ಕಾಲೇಜು ಮುಟ್ಟಿದ್ದೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ಒಬ್ಬಳೇ ದುಡಿದು ಮನೆ ನಡೆಸುತ್ತಿದ್ದಳು. ಇನ್ನೇನು ಕೊನೆಯ ಪರೀಕ್ಷೆಗೆ ಒಂದು ಚಳಿಗಾಲ ಬಾಕಿ ಎನ್ನುವಾಗ ಚಳಿಜ್ವರ ನನ್ನನ್ನು ಹಿಡಿಯಿತು. "ಊರಿಗೆ ಹೋಗಿ ಸುಧಾರಿಸಿಕೋ, ಪರೀಕ್ಷೆಗೆ ಬಂದರೆ ಸಾಕು" ಅಂತ ಕಾಲೇಜಿನವರು ರೈಲು ಹತ್ತಿಸಿದರು. ಪರೀಕ್ಷೆಗೆ ಕೂಡದಿದ್ದರೆ ಮಾತ್ರ ವಜೀಫೆ ಅಲ್ಲಿಗೆ ಖಲಾಸ್. ಇನ್ನೊಂದು ವರ್ಷ ಓದಿಸುವ ತಾಕತ್ತು ಅವ್ವನ ತೋಳಿನಲ್ಲಿ ಇರಲಿಲ್ಲ. ಆ ಸಲ ಆದರೆ ಆಯಿತು, ಇಲ್ಲದಿದ್ದರೆ ನಾನೂ ಹಣಮಂತಮಾವನ ಹಿಂದಿನ ಗಾಡಿ.

ಈ ಚಳಿಜ್ವರದ ಶಿಸ್ತು ದೊಡ್ಡದು. ದಿನ ಬಿಟ್ಟು ದಿನ, ಮಧ್ಯಾಹ್ನದ ರೊಟ್ಟಿ ಆದ ಮೇಲೆ, ಹೇಳಿದ ಹೊತ್ತಿಗೆ ಬರುವುದು. ಮೊದಲು ಹಲ್ಲು ಕಟಕಟ, ಆಮೇಲೆ ಮೈಯೆಲ್ಲ ಬೆಂಕಿ, ಆಮೇಲೆ ಬೆವರು. ಬಂದು ಹೋದ ಮೇಲೆ ಮನುಷ್ಯ ಹಿಂಡಿ ಒಣಗಲು ಹಾಕಿದ ಅರಿವೆ. ಕ್ವಿನೈನ್ ಗುಳಿಗೆಗಳು ಯುದ್ಧಕ್ಕೆ ಹೋಗಿದ್ದವು. ಅಪರೂಪಕ್ಕೆ ಸಿಕ್ಕು ನುಂಗಿದಾಗ ಕಿವಿಯೊಳಗೆ ಜೀರುಂಡೆ ಸಂತೆ. ಪುಸ್ತಕ ಹಿಡಿದರೆ ಉರ್ದು ಅಕ್ಷರಗಳು ಇರುವೆಯಂತೆ ಸಾಲು ಬಿಟ್ಟು ಹರಿದಾಡುತ್ತಿದ್ದವು. ನಿದ್ದೆ, ಎಚ್ಚರ, ಮತ್ತೆ ನಿದ್ದೆ. ಮಾವ ತೀರ್ಪು ಕೊಟ್ಟದ್ದು ಈ ಸ್ಥಿತಿ ನೋಡಿಯೇ.

ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಹೋದರೆ ಜ್ವರದ ಮಬ್ಬಿನಲ್ಲಿ ಒಲೆಯೊಳಗೆ ಬಿದ್ದಾನು ಅಂತ ಅವ್ವನಿಗೆ ಹೆದರಿಕೆ. ಅದಕ್ಕೆ ನನ್ನನ್ನು ತನ್ನ ಜೊತೆ ಕೆಲಸಕ್ಕೇ ಕರೆದುಕೊಂಡು ಹೋದಳು. ಅವಳ ಕೆಲಸ ಸ್ಟೇಷನ್ನಿನ ಆಚೆ ಒಂದು ಹತ್ತಿ ಜಿನ್ನಿನಲ್ಲಿ. ಒಳಗೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು. ಹೊರಗೆ ಅಂಗಳದಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಹೆಂಗಸರ ಸಾಲು. ಯಂತ್ರಕ್ಕೆ ಹಾಕುವ ಮೊದಲು ಹತ್ತಿಯೊಳಗಿನ ಎಲೆ, ಕಡ್ಡಿ, ಕೊಳೆತ ತೊಳೆ ಆರಿಸಿ ತೆಗೆಯುವವರು ಇವರು. ಮುಕಾದಮ ಶರಣಪ್ಪ, ಅಂದರೆ ಆಳುಗಳ ಮೇಲಿನ ಯಜಮಾನ, ನನ್ನನ್ನು ನೋಡಿ ಹುಬ್ಬೇರಿಸಿದ.

"ಇದೇನು ಧರ್ಮಶಾಲಿ ಅಲ್ಲಬೇ. ಇಲ್ಲಿ ಕುಂತವರ ಮುಂದ ಹತ್ತಿ ಇರಬೇಕು."

ಅವ್ವ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಹುಸೇನಬಿ ಎಂಬ ಹಿರಿಯ ಹೆಂಗಸು ಉತ್ತರ ಕೊಟ್ಟಳು. ಆ ಸಾಲಿಗೆ ಅವಳೇ ಬಾಯಿ, ಅವಳೇ ಬೆತ್ತ. "ಹಾಕ್ರಿ, ಬಿ.ಎ. ಸಾಹೇಬ್ರ ಮುಂದ ಒಂದು ಬುಟ್ಟಿ ಹಾಕ್ರಿ. ಉರ್ದು ಆರಿಸಿದ ಕೈ, ಹತ್ತಿ ಆರಸಂಗಿಲ್ಲೇನು?"

ಹೀಗೆ ನಾನು ಕೆಲಸಕ್ಕೆ ಸೇರಿದೆ. ಕೂತ ಕೂಡಲೆ ಬೈಸಿಕೊಂಡೆ. ಎದುರಿಗೆ ಗುಡ್ಡದಂಥ ಹತ್ತಿಯ ರಾಶಿ, ನಾನು ಅದರ ಕಡೆ ಮುಖ ಮಾಡಿ ಕೂತಿದ್ದೆ. ಸಭ್ಯತೆ ಅಂದುಕೊಂಡಿದ್ದೆ.

"ತಿರುಗಿ ಕುಂದ್ರೋ ಯಪ್ಪಾ," ಎಂದಳು ಹುಸೇನಬಿ. "ಗುಡ್ಡ ನೋಡಿಕೋತ ಯಾರರ ಉಣ್ತಾರೇನು? ಅದನ್ನ ನೋಡಿದ್ರ ಹೊಟ್ಟ್ಯಾಗ ಕಲ್ಲು ಬೀಳ್ತದ. ಬೆನ್ನು ಮಾಡಿ ಕುಂತು ಉಡ್ಯಾಗ ಹಿಡಿಸುವಷ್ಟು ಜಗ್ಗಿಕೋ."

ಸಾಲಿನತ್ತ ನೋಡಿದೆ. ನಿಜ, ಎಲ್ಲರೂ ರಾಶಿಗೆ ಬೆನ್ನು ಹಾಕಿ ಕೂತಿದ್ದರು. ಕೈ ಹಿಂದಕ್ಕೆ ಚಾಚಿ ಒಂದು ಉಡಿಯಷ್ಟು ಎಳೆದುಕೊಳ್ಳುವುದು, ಅದನ್ನು ಮುಗಿಸುವುದು, ಮತ್ತೆ ಕೈ ಹಿಂದಕ್ಕೆ. ಒಟ್ಟು ಎಷ್ಟು ಉಳಿದಿದೆ ಅಂತ ನೋಡುವುದು ಮುಕಾದಮನ ಕೆಲಸ. ಅದಕ್ಕೆ ಅವನಿಗೆ ಸಂಬಳ ಬರುತ್ತಿತ್ತು, ಅದಕ್ಕೇ ಅವನ ಮುಖ ಯಾವಾಗಲೂ ಹುಳ್ಳಗೆ. ನಾನೋ, ಮನೆಯಲ್ಲಿ ಎಲ್ಲ ಪುಸ್ತಕಗಳನ್ನೂ ಒಂದರ ಮೇಲೊಂದು ಎದುರಿಗೆ ಪೇರಿಸಿಟ್ಟು, ದಿನವೂ ಆ ಗೋಪುರಕ್ಕೆ ನಮಸ್ಕಾರ ಮಾಡಿ, ಸುಸ್ತಾಗಿ ಮಲಗುತ್ತಿದ್ದವನು. ಆ ಸಂಜೆಯೇ ಗೋಪುರವನ್ನು ಬೆನ್ನ ಹಿಂದಿನ ಮೂಲೆಗೆ ಹಾಕಿದೆ. ಕೈಗೆ ಸಿಕ್ಕಷ್ಟು ಹಾಳೆ ಮಾತ್ರ ಮುಂದೆ.

ಅಂಗಳದ ಇನ್ನೊಂದು ಕಾಯಿದೆ ಇತ್ತು. ಬೆಳಿಗ್ಗೆ ಗಾಡಿ ಬಂದಾಗ ಹತ್ತಿಯನ್ನು ಎರಡು ಪಾಲು ಮಾಡಿಕೊಳ್ಳುತ್ತಿದ್ದರು: ಎಲೆಕಸ ತುಂಬಿದ ಕೆಟ್ಟ ಹತ್ತಿ ಒಂದು, ಹೂವಿನಂಥ ಬಿಳಿ ಹತ್ತಿ ಒಂದು. "ಚಲೋ ಹೊತ್ತಿಗೆ ಕೆಟ್ಟ ಹತ್ತಿ, ಕೆಟ್ಟ ಹೊತ್ತಿಗೆ ಚಲೋ ಹತ್ತಿ" ಅನ್ನೋದು ಮಾತು. ಬೆಳಗಿನ ತಂಪಿನಲ್ಲಿ, ಕಣ್ಣು ನೆಟ್ಟಗಿರುವಾಗ, ಕಸದ ಹತ್ತಿ ತೆಗೆದುಕೊಳ್ಳುವುದು. ಮಧ್ಯಾಹ್ನ ರೊಟ್ಟಿ ಇಳಿದು ರೆಪ್ಪೆ ಭಾರವಾದಾಗ ಬಿಳಿ ಹತ್ತಿ. ಅದರಲ್ಲಿ ಬೆರಳು ತಾನೇ ಓಡಾಡಿಕೊಂಡಿರುತ್ತದೆ, ಕಣ್ಣು ಅರ್ಧ ಮುಚ್ಚಿದರೂ ನಡೆಯುತ್ತದೆ. ದೊಡ್ಡ ಮಾತೇನಲ್ಲ, ಎಲ್ಲರಿಗೂ ಗೊತ್ತಿರುವಂಥದೇ ಅನ್ನುತ್ತೀರಿ. ಹೌದು. ಗೊತ್ತಿದ್ದೂ ನಾವು ಮಾಡುವುದೇನು? ಬೆಳಗಿನ ಚಲೋ ಹೊತ್ತನ್ನು ಇಷ್ಟದ ಕೆಲಸಕ್ಕೆ ಕೊಟ್ಟು, ಬೇಡದ ಕೆಲಸವನ್ನು "ಊಟ ಆಗಲಿ" ಅಂತ ಮುಂದೂಡುತ್ತೇವೆ. ನಾನು ಬೆಳಿಗ್ಗೆ ಕಾವ್ಯ ಓದಿ ಆನಂದಪಟ್ಟು, ತರ್ಕಶಾಸ್ತ್ರವನ್ನು ಸರಿಯಾಗಿ ಜ್ವರ ಬರುವ ಹೊತ್ತಿಗೆ ಬಿಚ್ಚುತ್ತಿದ್ದೆ. ತರ್ಕಶಾಸ್ತ್ರ ಮೊದಲೇ ನಡುಕ ಹುಟ್ಟಿಸುವಂಥದು. ಯಾವ ನಡುಕ ಜ್ವರದ್ದು, ಯಾವುದು ಪುಸ್ತಕದ್ದು ಅಂತ ತಿಳಿಯುತ್ತಿರಲಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಬಾಯಿಪಾಳಿ. ಯಾರದಾದರೂ ಕೈ ಪೂರ್ತಿ ಸೋತರೆ, ಮೈಯಲ್ಲಿ ಕಸುವು ಇಲ್ಲದಿದ್ದರೆ, ಆಕೆ "ನನಗ ಬಾಯಿಪಾಳಿ ಕೊಡ್ರಿ" ಅಂತ ಕೇಳಬಹುದಿತ್ತು. ಅಂದರೆ ಕೈಯ ಬದಲು ಬಾಯಿಯ ದುಡಿಮೆ. ಆಕೆ ಮಾತಾಡಬೇಕು: ಕತೆಯೋ, ಒಗಟೋ, ಅತ್ತೆಯ ಬೈಗುಳವೋ, ಸಾಲಿನವರ ಕಣ್ಣು ಮುಚ್ಚದಂತೆ ನೋಡಿಕೊಳ್ಳಬೇಕು. ಆಗ ಅಕ್ಕಪಕ್ಕದವರು ಆಕೆಯ ಪಾಲಿನ ಹತ್ತಿಯನ್ನೂ ಆರಿಸಿ ಕೊಡುತ್ತಿದ್ದರು. ಮಾತು ನಿಂತರೆ ಪಾಳಿ ಮುಗಿಯಿತು, ಕೈ ಚಾಲೂ ಆಗಬೇಕು. ದಿನಕ್ಕೆ ಒಬ್ಬರಿಗೆ ಒಂದೇ ಪಾಳಿ. ದಣಿದವರನ್ನು ಮಲಗಿಸುವುದಿಲ್ಲ, ಹಾಡಿಸುತ್ತಾರೆ! ಆದರೆ ವಿಚಿತ್ರ ನೋಡಿ, ಮಾತಾಡುತ್ತ ಮಾತಾಡುತ್ತ ಸೋತ ಮೈಗೆ ಎಲ್ಲಿಂದಲೋ ಜೀವ ಬರುತ್ತಿತ್ತು. ಕೇಳುವವರು ನಕ್ಕರಂತೂ ಅರ್ಧ ದಣಿವು ಅಲ್ಲೇ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಕೈ ಸೋತು ಮೊದಲ ಸಲ ನನಗೂ ಪಾಳಿ ಬಂತು.

"ನನಗ ಕತಿ ಬರಂಗಿಲ್ಲ," ಎಂದೆ.

"ಹೈದರಾಬಾದಿನಾಗ ಏನ್ ಕಲ್ತಿ ಮತ್ತ?"

"ಇತಿಹಾಸ."

"ಅದು ಏನದನೋ ಅದನ್ನ ಹೇಳು. ಸುಳ್ಳಿರಲಿ, ಖರೇ ಇರಲಿ, ನಿದ್ದಿ ಹೋಗಬೇಕು."

ಬಾಯಿಪಾಠ ಮಾಡಿದ್ದನ್ನು ಉರ್ದುವಿನಲ್ಲಿ ಗಡಗಡ ಒಪ್ಪಿಸಿದೆ. ಹುಸೇನಬಿಯ ಮನೆಮಾತು ದಖ್ಖನಿ ಉರ್ದು. ಅವಳು ಕೈ ತಡೆದು, "ಇದು ಕತಿಯಲ್ಲ, ತಹಸೀಲದಾರನ ಸಮನ್ಸು. ಕನ್ನಡದಾಗ ಹೇಳು" ಎಂದಳು. ಕನ್ನಡದಲ್ಲಿ ಹೇಳಲು ಹೋದಾಗ ಗೊತ್ತಾಯಿತು, ನನಗೆ ಏನೇನೂ ತಿಳಿದಿರಲಿಲ್ಲ. ಹಾಳೆಗಟ್ಟಲೆ ಶಬ್ದ ತಲೆಯಲ್ಲಿತ್ತು. ಒಬ್ಬ ಮನುಷ್ಯನೂ ಇರಲಿಲ್ಲ. ಆ ಮಧ್ಯಾಹ್ನ ಹೇಳಿದ್ದು ದಿಲ್ಲಿಯ ಮಂದಿಯನ್ನೆಲ್ಲ ಕಿತ್ತುಕೊಂಡು ದೂರದ ದೇವಗಿರಿಗೆ ರಾಜಧಾನಿ ಬದಲಿಸಿದ ಸುಲ್ತಾನನ ಪಾಠ.

"ಎಲ್ಲರ್ನೂ ಕರಕೊಂಡು ಹೋದ್ನಾ?" ಒಬ್ಬಳು ಕೇಳಿದಳು.

"ಎಲ್ಲರ್ನೂ."

"ಬಾಣಂತಿಯರ್ನೂ?"

"ಪುಸ್ತಕದಾಗ ಬರದಿಲ್ಲ."

"ದಾರ್ಯಾಗ ಅಷ್ಟು ಮಂದಿಗೆ ರೊಟ್ಟಿ ಯಾರು ಬಡದ್ರು?"

"ಅದೂ ಬರದಿಲ್ಲ."

"ಮತ್ತ ಏನ್ ಬರದಾರ ಆ ಪುಸ್ತಕದಾಗ?" ಹುಸೇನಬಿ ಸಿಡುಕಿದಳು. "ನಾಳಿ ಸರಿಯಾಗಿ ನೋಡಿಕೊಂಡು ಬಾ. ರೊಟ್ಟಿ ಆಗೋತನಕ ಈ ಮಂದಿ ದಿಲ್ಲಿ ಬಿಟ್ಟು ಹೊಂಡಂಗಿಲ್ಲ."

ಆ ರಾತ್ರಿಯ ಬದಲು ಮರುದಿನ ಬೆಳಿಗ್ಗೆ, ತಂಪಿನಲ್ಲಿ, ಅದೇ ಪಾಠವನ್ನು ಮತ್ತೆ ಓದಿದೆ. ಈ ಸಲ ಅಕ್ಷರ ಹರಿದಾಡಲಿಲ್ಲ. ಯಾಕೆಂದರೆ ನಾನು ಓದುತ್ತಿರಲಿಲ್ಲ, ಹುಡುಕುತ್ತಿದ್ದೆ. ದಾರಿಯಲ್ಲಿ ಬಾವಿ ಇದ್ದವೇ? ನೆರಳು? ಮುದುಕರು ಏನಾದರು? ರೊಟ್ಟಿ ಸಿಗಲಿಲ್ಲ, ಆದರೆ ಉಳಿದದ್ದೆಲ್ಲ ಸಿಕ್ಕಿತು. ಅಂಗಳಕ್ಕೆ ಹೋಗಿ ಹೇಳಿದೆ. ಸಾಲಿನವರು ಸುಲ್ತಾನನನ್ನು ಬೈದರು, ಅವನ ಅವ್ವನನ್ನು ಬೈದರು, ವಾಪಸು ದಿಲ್ಲಿಗೆ ಹೊರಟಾಗ "ಹುಚ್ಚ ಸೂಳೆಮಗ" ಎಂದು ಒಕ್ಕೊರಲಿನಿಂದ ತೀರ್ಮಾನ ಕೊಟ್ಟರು. ನಾನು ಆ ಪಾಠವನ್ನು ಜನ್ಮದಲ್ಲಿ ಮರೆತಿಲ್ಲ.

ತರ್ಕಶಾಸ್ತ್ರದ ಪಾಳಿ ಇನ್ನೂ ಚೆಂದ. "ಎಲ್ಲಾ ಮನಷ್ಯಾರೂ ಸಾಯೋರು ಅಂತ ಇಟಗೋರಿ," ಎಂದೆ. "ಇಟಗೊಂಡ್ವಿ," ಎಂದರು. "ಮುಕಾದಮ ಒಬ್ಬ ಮನಷ್ಯಾ ಅಂತ ಇಟಗೋರಿ. ಹಂಗಾದ್ರ ಏನಾತು?"

"ಮುಕಾದಮ ಸಾಯ್ತಾನ!" ಇಡೀ ಸಾಲು ಕೂಗಿತು. ಶಾಲೆಯ ಮಕ್ಕಳೂ ಅಷ್ಟು ಹುರುಪಿನಿಂದ ಉತ್ತರ ಹೇಳಿದ್ದನ್ನು ನಾನು ಮುಂದೆಂದೂ ಕೇಳಲಿಲ್ಲ. ತಿರುಗಿ ನೋಡಿದರೆ ಶರಣಪ್ಪ ಹಿಂದೆಯೇ ನಿಂತಿದ್ದಾನೆ.

"ಏನ್ ನಡದದಲೇ ಇಲ್ಲಿ?"

"ಏನಿಲ್ರೀ," ಹುಸೇನಬಿ ಕೈ ಬಿಡದೆ ಹೇಳಿದಳು. "ತರ್ಕ ಮಾಡಾಕತ್ತೀವಿ. ನೀವು ಮನಷ್ಯಾರು ಹೌದೋ ಅಲ್ಲೋ ಅನ್ನೋದು ಒಂದ ಬಾಕಿ ಉಳದದ."

ಶರಣಪ್ಪ ನಗಬಾರದು ಅಂತ ಮೀಸೆ ಕಚ್ಚಿಕೊಂಡು ಹೋದ. ಆದರೆ ಆ ದಿನ ಬುಟ್ಟಿಗಳು ಹೊತ್ತಿಗೆ ಮುಂಚೆ ತುಂಬಿದ್ದನ್ನು ಅವನು ನೋಡಿದ್ದ. ಅಂದಿನಿಂದ ನನ್ನ ಪಾಳಿ ಬಂದಾಗ ಅವನಿಗೂ ಚಪ್ಪರದ ಕಂಬದ ಹತ್ತಿರವೇ ಏನೋ ಕೆಲಸ ಬರತೊಡಗಿತು.

ಜ್ವರಕ್ಕೂ ಅಲ್ಲಿ ಒಂದು ಹೆಸರಿಟ್ಟರು: ಬೀಗರು. "ಯಾಕೋ ಯಪ್ಪಾ, ಇವತ್ತ ನಿನ್ನ ಬೀಗರು ಬರೋ ದಿನ ಅಲ್ಲೇನು?" ಅಂತ ಕೇಳುವರು. ಬೀಗರು ಬರುವ ದಿನ ಬೆಳಗಿನಲ್ಲೇ ನನ್ನ ಪಾಲಿನ ಕೆಟ್ಟ ಹತ್ತಿ ಮುಗಿಸಿ, ಕಷ್ಟದ ಪಾಠ ಹೇಳಿ ಮುಗಿಸಿ ಕಾಯುತ್ತಿದ್ದೆ. ಚಳಿ ಶುರುವಾದರೆ ನನ್ನನ್ನು ರಾಶಿಯ ಬುಡದಲ್ಲಿ ಮಲಗಿಸಿ ಮೇಲೆ ಹತ್ತಿ ಸುರಿದುಬಿಡುವರು. ಮೂಗು ಒಂದು ಹೊರಗೆ. ಅಷ್ಟು ದೊಡ್ಡ ದುಪ್ಪಟಿ ಯಾವ ಜಹಗೀರದಾರನಿಗೂ ಇದ್ದಿರಲಿಕ್ಕಿಲ್ಲ. ಬೀಗರ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನು ನಾನು ಅಲ್ಲಿ ಬಿಟ್ಟೆ. ಬರುವವರು ಬರುತ್ತಾರೆ, ಉಂಡು ಹೋಗುತ್ತಾರೆ. ಅವರು ಬರುವ ಮೊದಲು ಮನೆಗೆಲಸ ಮುಗಿಸಿಟ್ಟರೆ ಆಯಿತು.

ಪರೀಕ್ಷೆ ಹತ್ತಿರ ಬಂದಂತೆ ದಿನಕ್ಕೆ ಒಂದು ಪಾಳಿ ನನಗೆ ಸಾಲದಾಯಿತು. ಹೇಳಬೇಕಾದ ಪಾಠ ರಾಶಿ ಬಿದ್ದಿತ್ತು. ಆಗ ಅವ್ವ, "ನಂದೂ ಅವಗ ಕೊಡ್ರಿ" ಎಂದಳು.

"ನಿನಗ ಬ್ಯಾಡೇನಬೇ?" ಹುಸೇನಬಿ ಕೇಳಿದಳು.

"ನನಗೆಲ್ಲಿ ಕತಿ ಬರ್ತಾವ? ನನ್ನ ಕೈ ಚಲೋ ಅದಾವ."

ಆಮೇಲೆ ದಿನವೂ ಅದೇ ರೂಢಿಯಾಯಿತು. ನನ್ನ ಪಾಳಿ ಮುಗಿದ ಕೂಡಲೆ ಅವ್ವನ ಪಾಳಿಯಲ್ಲೂ ನಾನೇ ಮಾತಾಡುವುದು. ಅವಳು ತಲೆ ಬಗ್ಗಿಸಿ ತನ್ನ ಹತ್ತಿ ಆರಿಸುವುದು.

ಸುಗ್ಗಿಯ ಕೊನೆಯ ಗಾಡಿಗಳ ಜೊತೆ ಹಣಮಂತಮಾವ ಬಂದ. ಹತ್ತಿ ಇಳಿಸಿ, ಸಾಲಿನ ಹಿಂದೆ ಕೂತು ನನ್ನ ಪಾಠ ಕೇಳಿದ. ಕೇಳುತ್ತ ಕೇಳುತ್ತ ತನ್ನ ಸಿದ್ಧಾಂತಕ್ಕೆ ಸರಿಯಾಗಿ ನಿದ್ದೆ ಹೋದ. ಎಚ್ಚರಾದ ಮೇಲೆ, "ಆ ಸುಲ್ತಾನ ಎಲ್ಲಿಗೆ ಬಂದ?" ಅಂತ ಕೇಳಿದ.

"ಅವ ಸತ್ತು ಎರಡು ತಲಿಮಾರು ಆತು, ಮಾವ."

"ಅಯ್ಯ ಪಾಪ," ಎಂದ. ಆಮೇಲೆ ಗಂಭೀರನಾದ. "ನೋಡಪಾ, ನೀ ಹೇಳೋದೇನೋ ಚಲೋ ಹೇಳ್ತಿ. ಹೇಳೋದು ಬ್ಯಾರೆ, ಬರಿಯೋದು ಬ್ಯಾರೆ. ಇಲ್ಲಿ ಕೈಯಾಗ ಹತ್ತಿ, ಬಾಯಾಗ ಮಾತು. ಅಲ್ಲಿ ಎರಡೂ ಇರಂಗಿಲ್ಲ. ಅಲ್ಲಿ ಏನ್ ಮಾಡ್ತಿ?"

ಗಾಡಿ ಹೊಡೆಯುವವರ ವಿಚಾರ ಅಂದೆನಲ್ಲ. ಹೈದರಾಬಾದಿನ ಪರೀಕ್ಷೆಯ ಕೋಣೆಯಲ್ಲಿ ಸರಿಯಾಗಿ ಅದೇ ಆಯಿತು.

ಇತಿಹಾಸದ ದಿನವೇ ಬೀಗರ ದಿನ. ಪರೀಕ್ಷೆ ಮಧ್ಯಾಹ್ನ ದಾಟುವವರೆಗೆ. ಚಳಿ ಬರುವ ಮೊದಲು ಎಷ್ಟು ಬರೆದರೆ ಅಷ್ಟು ನನ್ನದು. ಪ್ರಶ್ನೆಪತ್ರಿಕೆ ಕೈಗೆ ಬಂತು. ಸುತ್ತಲಿನವರು ಬರುವ ಪ್ರಶ್ನೆ ಹಿಡಿದು ಓಡತೊಡಗಿದರು. ನಾನು ಇಡೀ ಪತ್ರಿಕೆಯಲ್ಲಿ ಎಲೆಕಸ ಹೆಚ್ಚು ಎಲ್ಲಿದೆ ಅಂತ ಹುಡುಕಿ, ಒಂದು ಒರಟು ಪ್ರಶ್ನೆ ಹಿಡಿದೆ. ಹಿಡಿದೆ, ಆದರೆ ಲೇಖನಿ ಏಳಲಿಲ್ಲ. ತಲೆ ಖಾಲಿ ಗೋಣಿಚೀಲ. ಆಗ ನನಗೆ ಅರಿವಿಲ್ಲದೆ ಬಾಯಿ ತೆರೆಯಿತು: "ಏನಾತಂದ್ರಬೇ ಹುಸೇನಬಿ..."

ಜೋರಾಗಿಯೇ ಹೇಳಿಬಿಟ್ಟಿದ್ದೆ. ಕೋಣೆಯೆಲ್ಲ ತಿರುಗಿ ನೋಡಿತು. ಕಾವಲಿಗಿದ್ದವರು ಬಿಳಿ ಗಡ್ಡದ ಒಬ್ಬ ಮೌಲವಿ ಸಾಹೇಬರು. ಛತ್ರಿಯ ತುದಿಯಿಂದ ಮೇಜು ಕುಟ್ಟಿದರು. "ಖಾಮೋಶ್, ಮಿಯಾ! ಇನ್ನೊಮ್ಮೆ ಬಾಯಿ ತೆಗೆದರೆ ಹೊರಗೆ ಕಳಿಸುತ್ತೇನೆ."

ಬಾಯಿ ಮುಚ್ಚಿದೆ. ಬಾಯಿಯ ಜೊತೆ ಇತಿಹಾಸವೂ ಮುಚ್ಚಿತು. ಗಡಿಯಾರ ನಡೆಯುತ್ತಿತ್ತು, ಬೆನ್ನುಮೂಳೆಯ ಬುಡದಲ್ಲಿ ಬೀಗರ ಗಾಡಿಯ ಗೆಜ್ಜೆ ಸಣ್ಣಗೆ ಕೇಳತೊಡಗಿತ್ತು. ಒಂದು ಚಳಿಗಾಲದ ದುಡಿಮೆ ಇಲ್ಲಿ ಮಣ್ಣುಪಾಲು ಅಂದುಕೊಂಡೆ. ಎಡಗೈ ಏನು ಮಾಡಬೇಕೆಂದು ತಿಳಿಯದೆ ಅಂಗಿಯ ಹರಿದ ಅಂಚನ್ನು ಹಿಂಜತೊಡಗಿತು. ಒಂದೊಂದೇ ದಾರ. ಆ ದಾರದ ಜೊತೆ ಮಾತೂ ಒಂದೊಂದೇ ಬಿಚ್ಚಿಕೊಂಡು ಬಂತು. ತುಟಿ ಅಲ್ಲಾಡಿಸಿದೆ, ದನಿ ಹೊರಡಿಸಲಿಲ್ಲ. ಗದ್ದ ಎದೆಗೆ ಒತ್ತಿ, ಕಣ್ಣು ಅರ್ಧ ಮುಚ್ಚಿ, ಇಡೀ ಸಾಲನ್ನು ಎದುರಿಗೆ ಕೂಡಿಸಿಕೊಂಡು ತುಟಿಯಲ್ಲೇ ಕನ್ನಡದಲ್ಲಿ ಹೇಳುವುದು, ಬಲಗೈಯಲ್ಲಿ ಉರ್ದುವಿನಲ್ಲಿ ಬರೆಯುವುದು.

ನೆರಳು ಬಿತ್ತು. ಮೌಲವಿ ಸಾಹೇಬರು ಪಕ್ಕದಲ್ಲೇ ನಿಂತು ನನ್ನ ತುಟಿ ನೋಡುತ್ತಿದ್ದರು. ಇನ್ನೊಬ್ಬ ಕಾವಲಿನವನು ಬಂದು ಏನೋ ಕೇಳಿದ. ಸಾಹೇಬರು ಬಹಳ ಮೆತ್ತಗೆ ಹೇಳಿದರು: "ದುವಾ ಪಢ್ ರಹಾ ಹೈ ಬೇಚಾರಾ. ಪಢನೇ ದೋ." ಪಾಪದ ಹುಡುಗ ದೇವರನ್ನು ಬೇಡುತ್ತಿದ್ದಾನೆ, ಬೇಡಿಕೊಳ್ಳಲಿ ಬಿಡು.

ದೇವರಲ್ಲ, ಹುಸೇನಬಿ. ಆದರೆ ತಿದ್ದಲು ಅದು ಹೊತ್ತಾಗಿರಲಿಲ್ಲ.

ಚಳಿ ಬಂದಾಗ ಕೆಟ್ಟ ಹತ್ತಿಯೆಲ್ಲ ಮುಗಿದಿತ್ತು. ಉಳಿದದ್ದು ಸುಲ್ತಾನನ ರಾಜಧಾನಿಯ ಪ್ರಶ್ನೆ. ಹಲ್ಲು ಕಟಕಟಿಸುತ್ತ ಅದನ್ನು ಬರೆದೆ. ಅಕ್ಷರಗಳು ಒಂಟೆಯ ಮೇಲೆ ಕೂತು ಬರೆದಂತೆ ಬಂದವು. ಪುಸ್ತಕದಲ್ಲಿದ್ದದ್ದು ಬರೆದು, ಕೊನೆಗೆ ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದೆ: ದಾರಿಯಲ್ಲಿ ರೊಟ್ಟಿ ಬಡಿದವರು ಯಾರು ಎಂಬುದನ್ನು ಇತಿಹಾಸಕಾರರು ಬರೆದಿಟ್ಟಿಲ್ಲ. ಪರೀಕ್ಷಕರು ಅದಕ್ಕೆ ಅಂಕ ಕೊಟ್ಟರೋ, ಕಳೆದರೋ, ಇವತ್ತಿಗೂ ಗೊತ್ತಿಲ್ಲ.

ಪಾಸಾದೆ. ಮೂರನೆಯ ದರ್ಜೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಮ್ಮ ಕೇರಿಯಿಂದ ಹೊರಟು ಆ ಬಾಗಿಲು ದಾಟಿದ ಮೊದಲನೆಯವನು ನಾನು. ಮೊದಲನೆಯ ದರ್ಜೆಯಲ್ಲಿ ದಾಟಿದವರಿಗೆ ಅವರವರ ಅಪ್ಪ, ಅಜ್ಜ ಬಾಗಿಲು ತೆರೆದು ಹಿಡಿದಿದ್ದರು.

ಸ್ವಲ್ಪ ದಿನದಲ್ಲೇ ಮಾನ್ವಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಮಾನ್ವಿಯ ಮಧ್ಯಾಹ್ನ ರಾಯಚೂರಿನದಕ್ಕಿಂತ ಒಂದು ಗುಂಜಿಯೂ ಕಡಿಮೆಯಿಲ್ಲ. ಊಟದ ಗಂಟೆ ಆದ ಮೇಲೆ ಹುಡುಗರು ಗಾಳಿ ಬಿದ್ದ ಜೋಳದಂತೆ ಒಬ್ಬರ ಮೇಲೊಬ್ಬರು ಒರಗುತ್ತಿದ್ದರು. ಬೆತ್ತ ಹಿಡಿದು ಎಬ್ಬಿಸುವ ಮಾಸ್ತರರೂ ಇದ್ದರು. ನಾನು ಎಲ್ಲರಿಗಿಂತ ಹೆಚ್ಚು ತೂಕಡಿಸುವವನನ್ನು ಕರೆದು, ಮುಂದೆ ನಿಲ್ಲಿಸಿ, "ಇವತ್ತ ನೀನ ಮಾಸ್ತರ. ಬೆಳಿಗ್ಗಿ ಹೇಳಿದ ಪಾಠ ನಿನ್ನ ಅವ್ವಗ ಹೇಳಿದಂಗ ಹೇಳು" ಎನ್ನುತ್ತಿದ್ದೆ. ಉಳಿದವರಿಗೆ ಅಪ್ಪಣೆ: ಅವನನ್ನು ಪ್ರಶ್ನೆ ಕೇಳಿ ಸತಾಯಿಸಬೇಕು. ಚೀಕಲಪರ್ವಿಯ ಒಬ್ಬ ಹುಡುಗ ಹೊಳೆಯ ದಂಡೆಯವನು, ನಿದ್ದೆಯಲ್ಲಿ ಹಣಮಂತಮಾವನ ಗುರು. ಭೂಗೋಳದ ಪಾಠಕ್ಕೆ ತನ್ನೂರಿನ ತುಂಗಭದ್ರೆಯನ್ನು ತಂದು ಸೇರಿಸಿ ಇಡೀ ತರಗತಿಯನ್ನು ಈಜಾಡಿಸಿದ. ಅಂಥ ಮಧ್ಯಾಹ್ನಗಳಲ್ಲಿ ನನ್ನ ದಣಿವೂ ಎಲ್ಲಿಗೋ ಹೋಗುತ್ತಿತ್ತು. ಕೆಲಸ ಮಾಡಲು ಕಸುವು ಬೇಕು ಅನ್ನುತ್ತಾರೆ. ನನ್ನ ಅನುಭವದಲ್ಲಿ ಎಷ್ಟೋ ಸಲ ಜೊತೆ ಇದ್ದರೆ ಸಾಕು, ಕಸುವು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ.

ಮೊನ್ನೆ ಶಾಲೆಯವರಿಗೆ ಬರೆಯಬೇಕಾದದ್ದು ಬರೆಯಲಾಗದೆ ಕೂತಿದ್ದೆನಲ್ಲ, ಚಹಾ ಆರಿತ್ತು, ಕುಡಿದೆ. ಕಾಗದ ಪಕ್ಕಕ್ಕಿಟ್ಟು, ಯಾರಿಗಾದರೂ ಹೇಳಿದಂತೆ ಹೇಳೋಣ ಅಂತ ನಿಮ್ಮನ್ನು ಎದುರಿಗೆ ಕೂಡಿಸಿಕೊಂಡೆ. ಇಷ್ಟು ದೂರ ಬಂದೆವು ನೋಡಿ. ಇನ್ನು ಒಂದು ಮಾತು ಉಳಿದಿದೆ.

ಸರ್ಟಿಫಿಕೇಟು ಮಾನ್ವಿಗೇ ಬಂತು. ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಅದನ್ನು ನನ್ನ ಕೈಗಿಟ್ಟರು, ಹುಡುಗರು ಚಪ್ಪಾಳೆ ಹೊಡೆದರು. ಅವತ್ತೇ ರಜೆ ಕೇಳಿ ರಾಯಚೂರಿನ ಬಸ್ಸು ಹತ್ತಿದೆ. ಪೆಟ್ರೋಲು ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುವ ಕಾಲ. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಬಿ.ಎ. ಆದವನೂ ನೂಕಿದೆ, ಸರ್ಟಿಫಿಕೇಟನ್ನು ಹಲ್ಲಿನಲ್ಲಿ ಕಚ್ಚಲು ಮನಸ್ಸಾಗದೆ ಡ್ರೈವರನ ಕೈಗೆ ಕೊಟ್ಟು.

ಜಿನ್ನಿನ ಅಂಗಳ ಮುಟ್ಟಿದಾಗ ಹೊಸ ಸುಗ್ಗಿಯ ಹತ್ತಿ ಬಂದಿತ್ತು. ಸಾಲು ಹಾಗೇ ಕೂತಿತ್ತು. ನಾನು ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾಗದ ಚಾಚಿದೆ. ಅವಳು ಕೈ ಸೀರೆಗೆ ಒರೆಸಿಕೊಂಡು, ಎರಡೂ ಅಂಗೈ ಚಾಚಿ ತೆಗೆದುಕೊಂಡಳು.

"ಇದನಾ?"

"ಇದ, ಯವ್ವಾ."

"ಇನ್ನ ಯಾವ ಪರೀಕ್ಷಿನೂ ಇಲ್ಲಾ?"

"ಇಲ್ಲ."

"ಖರೇ ಹೇಳು."

"ಖರೇನ. ಮುಗೀತು."

ಹುಸೇನಬಿ ಇಣುಕಿ ನೋಡಿ ಉರ್ದುವಿನಲ್ಲಿ ನನ್ನ ಹೆಸರು ಎಲ್ಲಿದೆ ಅಂತ ಕೇಳಿ ತಿಳಿದುಕೊಂಡು, ಆಚೆಯವರಿಗೆಲ್ಲ ತೋರಿಸಿದಳು. ಶರಣಪ್ಪ ಕಂಬ ಬಿಟ್ಟು ಹತ್ತಿರ ಬಂದ. ಸಾಲಿನಲ್ಲಿ ಒಬ್ಬಳು "ಇವತ್ತ ತಾಯಿಗೆ ಬಾಯಿಪಾಳಿ ಕೊಡ್ರೀ, ಮಗನ ಸುದ್ದಿ ಹೇಳಲಿ" ಎಂದಳು. ಎಲ್ಲರೂ ಹೌದು ಹೌದು ಎಂದರು. ಅವ್ವ ತಲೆ ಅಲ್ಲಾಡಿಸಿದಳು. ಕಾಗದವನ್ನು ನನ್ನ ಕೈಗೆ ಮರಳಿ ಇಟ್ಟು, ಉಡಿಯಲ್ಲಿದ್ದ ಹತ್ತಿಯನ್ನು ಹಿಂದಿನ ರಾಶಿಗೆ ಸುರಿದು, ಮೊಣಕಾಲಿಗೆ ಕೈ ಕೊಟ್ಟು ನಿಧಾನ ಎದ್ದು ನಿಂತಳು. ಶರಣಪ್ಪನ ಕಡೆ ತಿರುಗಿದಳು.

"ಮುಕಾದಮರ, ನಾಳಿ ನಾ ಕೆಲಸಕ್ಕ ಬರಂಗಿಲ್ಲ," ಎಂದಳು. "ನನಗ ನಿದ್ದಿ ಬಂದದ."